ಮಗ್ಗದ ಕುಣಿ

ಬೆಟಗೇರಿಯೊಳಗ ಈ ಮನಿ ಹಿಡದಾಗ
ಮ್ಯಾಳಿಗಿ ಮ್ಯಾಲೆ ಮೊಣಕಾಲುದ್ದ ಹುಲ್ಲು,
ಬೆಳಕಿಂಡಿಯಾಗ ಪಾರಿವಾಳ ಸಂಸಾರ ಹೂಡಿದ್ದವು.
ಕೊಟ್ಟವರು ಕೀಲಿಕೈ ಇಡೂ ಮುಂದ ಒಂದ ಮಾತು ಹೇಳಿದ್ದರು:
"ಪಡಸಾಲಿಯೊಳಗ ಮಗ್ಗದ ಕುಣಿ ಐತ್ರಿ,
ನೋಡಿ ಕಾಲಿಡ್ರಿ."

ಇವರು ಡಿಪೋದಾಗ ಬಸ್ಸಿನ ಕೆಳಗ ಮಲಗೂ ಮನುಷ್ಯಾ,
ನಾನು ಅಂಚೆ ಕಚೇರಿಯ ಮೂರನೇ ಕೌಂಟರು.
ಸಂಜಿ ಆರಕ್ಕ ಬಂದು ಚಾ ಕುಡದವರ
ಕೈಗೆ ಕರಣಿ, ತಲಿಗೆ ಹಳೇ ಟವೆಲ್ಲು.
ಆರು ವರ್ಷ. ಒಂದು ಐತವಾರ ಬಿಡಲಿಲ್ಲ.

ಮಾಬುಸಾಬಜ್ಜ ಸುಣ್ಣ ಕೊಳಸೂದು ಕಲಿಸಿದ:
ಬೆಲ್ಲ ಇಷ್ಟು, ಅಳಲೇಕಾಯಿ ಇಷ್ಟು, ಉಳದದ್ದು ತಾಳ್ಮಿ.
ಇವರು ತಾಳ್ಮಿಯೊಂದು ಬಿಟ್ಟು ಎಲ್ಲಾ ಬರಕೊಂಡರು,
ಇನ್ನೂರು ಪುಟದ ವಹಿಯೊಳಗ.
ಯಾವ ತೊಲಿಗೆ ಎಷ್ಟು ಎಣ್ಣಿ,
ಯಾವ ಮೊಳಿಗೆ ಎಷ್ಟು ರೂಪಾಯಿ,
ಎಡಕ್ಕ ಮೊದಲಿನ ಗ್ವಾಡಿಯ ಚಿತ್ರ,
ಬಲಕ್ಕ ಆಮ್ಯಾಲಿಂದು.

ಸುದ್ದಿ ಹೆಂಗ ಹಬ್ಬಿತೋ!
ಮೊದಲ ಓಣಿಯವರು, ಆಮ್ಯಾಲೆ ಮುಳಗುಂದದವರು,
ಲಕ್ಷ್ಮೇಶ್ವರದಿಂದ ಟಂಟಂ ಮಾಡಿಕೊಂಡು ಬೀಗರ ಗುಂಪೊಂದು,
ವಹಿ ನೋಡಾಕ, ಗ್ವಾಡಿ ಸವರಾಕ.
ಸುಳ್ಳ್ಯಾಕ ಹೇಳಲಿ, ನನಗೂ ಹಿಗ್ಗು.
ನೆಲದ ಹೊಳಪು ನೋಡಿ ಹೆಂಗಸರು
ಚಪ್ಪಲಿ ಜೋಡಿ ಮಾತನ್ನೂ ಹೊರಗ ಬಿಟ್ಟು ಬರತಿದ್ದರು.
ಹೋಗೂ ಮುಂದ ಮಾತ್ರ ಎಲ್ಲಾರೂ ಕೇಳೂದು ಒಂದ:
"ಮುಂದೇನು ಮಾಡತೀರಿ?"

ಮುಸುರಿ ತಿಕ್ಕೂವಾಗ ಅದು ಬರತಿತ್ತು,
ಪಾಸ್‌ಬುಕ್ಕಿಗೆ ಶಿಕ್ಕಾ ಒತ್ತೂವಾಗ ಬರತಿತ್ತು.
ಒಂದು ರಾತ್ರಿ ಎಚ್ಚರಾಗಿ ನೋಡತೀನಿ,
ಇವರು ಬ್ಯಾಟರಿ ಹಿಡದು ಅಡಿಗಿಮನಿ ಗ್ವಾಡಿ ಮುಂದ.
"ಇಲ್ಲೊಂದು ಮಾಡ ಕೊರದರ ಹೆಂಗ?"
ಅವತ್ತು ನನಗ ಜ್ವರ, ನೂರಾ ಎರಡು.
ಕೊರದರ ಹೆಂಗ ಅಂತ
ನಾನೂ ಯೋಚನಿ ಮಾಡಿದೆ.

ಸಾಲಿಯೊಳಗ ದಾನೇಶ್ವರಿಗೆ ನಿಬಂಧ ಕೊಟ್ಟಿದ್ದರು.
ಮಗಳು ಬರದಿದ್ದಳು:

"ನಮ್ಮ ಮನೆ ಬಹಳ ಚಂದ ಇದೆ.
ಅದನ್ನು ನೋಡಲು ಜನ ಬರುತ್ತಾರೆ.
ಅದನ್ನು ಮುಟ್ಟಬಾರದು, ಇನ್ನೂ ಹಸಿ ಇದೆ.
ಒಣಗಿದ ಮೇಲೆ ನಾವು ಅಲ್ಲಿ ಇರುತ್ತೇವೆ."

ಅಕ್ಕೋರು ಹತ್ತಕ್ಕ ಒಂಬತ್ತು ಕೊಟ್ಟಿದ್ದರು,
ಒಂದು ಮಾರ್ಕು ಅಕ್ಷರಕ್ಕ ಹೋಗಿತ್ತು.

ಇವರು ಓದಿದರು. ಕನ್ನಡಕ ಒರಸಿ ಮತ್ತೊಮ್ಮೆ ಓದಿದರು.
ಪಡಸಾಲಿಯ ಕುಣಿ ಮುಚ್ಚಾಕಂತ ಆಗಷ್ಟ ಕಲಸಿದ್ದ ಸಿಮೆಂಟು,
ಬಾಜೂಕ ಕುಂತು, ಅದು ಪುಟ್ಟಿಯೊಳಗ ಕಲ್ಲಾಗೂತನಕಾ ನೋಡಿದರು.
ಆರು ವರ್ಷದಾಗ ಅವರು ಕೆಡಿಸಿದ ಮೊದಲನೇ ಪುಟ್ಟಿ ಅದು.
ನಾನು ಏನೂ ಅನ್ನಲಿಲ್ಲ.
ಪುಟ್ಟಿ ಈಗ ಹಿತ್ತಲದಾಗ ಬೋರಲು ಬಿದ್ದೈತಿ,
ಮ್ಯಾಲೆ ಕೋಳಿ ಕುಂದರತೈತಿ.

ಮರುವಾರ ರೋಣದಿಂದ ಮಂದಿ ಬಂದರು.
ಬಾಗಿಲದಾಗ ನಿಂತು ಹೇಳಿದೆ:
"ಇವತ್ತು ಮನಿಯೊಳಗ ಮಂದಿ ಅದಾರ್ರಿ."
"ಬೀಗರು ಬಂದಾರೇನ್ರಿ?"
"ಇಲ್ರಿ. ನಾವ."

ವಹಿ ಅವರ ಕೈಯಾಗ ಇಟ್ಟು ಕಳಿಸಿದೆ,
ತಿರುಗಿ ಕೊಡೂ ಅವಸರಿಲ್ಲ ಅಂದೆ.
ಕೊನೀ ಮೂವತ್ತೊಂದು ಪುಟ ಖಾಲಿ ಅದಾವು.
ಬಚ್ಚಲದ ಬಾಗಿಲಕ್ಕ ಇನ್ನೂ ಚಿಲಕ ಇಲ್ಲ,
ಒಳಗ ಹೋದವರು ಹಾಡಬೇಕು.
ಇವರ ಹಾಡಿಗಿಂತ ಚಿಲಕನ ಸೋವಿ ಇತ್ತು, ಖರೆ.
ಈಗೀಗ ಬಿರುಕು ಕಂಡಲ್ಲಿ ಬೆರಳು ಆಡಿಸತಾರ,
ನನ್ನ ನೋಡಿ ಕೈ ಹಿಂದಕ್ಕ ತಗೋತಾರ, ಕಳ್ಳನಂಗ.

ಐತವಾರ ಮಧ್ಯಾಹ್ನ ಊಟಾದ ಮ್ಯಾಲೆ
ಮೂವರೂ ಕುಣಿಯ ಅಂಚಿಗೆ ಕಾಲು ಇಳಿಬಿಟ್ಟು ಕುಂದರತೀವಿ.
ತಳ ಭಾಳ ನುಣ್ಣಗೈತಿ.
ಯಾರ್ಯಾರ ಹಿಮ್ಮಡ ತುಳದು ತುಳದು ಹಂಗಾತೋ,
ಅದರ ಖರ್ಚು ಎಲ್ಲೂ ಬರದಿಲ್ಲ.
ದಾನೇಶ್ವರಿ ಶೇಂಗಾ ಸುಲದು ಸಿಪ್ಪಿ ಕುಣಿಯೊಳಗ ಒಗಿತಾಳ.
ಗ್ವಾಡಿಗೆ ಆತು ಕುಂತರ
ಬೆನ್ನಿಗೆ ಒಂದೀಟು ಸುಣ್ಣ ಹತ್ತತೈತಿ.
ಝಾಡಿಸಿಕೊಳ್ಳೂದಿಲ್ಲ.